ಪಂಢರಿನಾಥರ ಮಡಿ ರಾಗ

ಪಶ್ಚಿಮ ಮಾಂಬಳದ ಪಂಢರಿನಾಥರನ್ನು ಮದುವೆಗೆ ಕರೆಯಲು ಬಂದವರು ಮಂತ್ರಾಕ್ಷತೆ ಕೊಟ್ಟು, "ನೀವು ಊಟದ ಹೊತ್ತಿಗೆ ಬಂದ್ರೆ ಸಾಕು, ಆರತಕ್ಷತೆಗೆ ಬಂದು ತೊಂದ್ರೆ ತೊಗೋಬೇಡಿ" ಎಂದು ಒತ್ತಿ ಹೇಳಿ ಹೋಗುತ್ತಿದ್ದರು. ತೊಂದರೆ ಅವರಿಗಲ್ಲ, ಉಳಿದವರಿಗೆ. ಆರತಕ್ಷತೆಯಲ್ಲಿ ವಾದ್ಯಗೋಷ್ಠಿಯವರು ಯಾವ ಸಿನಿಮಾ ಹಾಡು ಎತ್ತಿಕೊಂಡರೂ ಪಲ್ಲವಿ ಮುಗಿಯುವ ಮೊದಲೇ ಇವರು ಕುರ್ಚಿಯಿಂದ ಅರ್ಧ ಎದ್ದು, "ಕದ್ದದ್ದು!" ಎಂದು ಘೋಷಿಸುತ್ತಿದ್ದರು. ಯಾವ ಇಂಗ್ಲಿಷ್ ಹಾಡಿನಿಂದ, ಎಷ್ಟನೆಯ ಇಸವಿಯದು, ಗಿಟಾರಿನಲ್ಲಿದ್ದದ್ದನ್ನು ಪಿಟೀಲಿಗೆ ಹೇಗೆ ದಾಟಿಸಿದ್ದಾರೆ ಎಂಬ ವಿವರ ಆಮೇಲೆ ಬರುತ್ತಿತ್ತು. (ಒಮ್ಮೆ ಇವರ ಕೂಗು ಕೇಳಿ ಹೆಣ್ಣಿನ ಕಡೆಯವರು ಒಡವೆಯ ಪೆಟ್ಟಿಗೆ ಹುಡುಕಲು ಓಡಿ, ಅರ್ಧ ಗಂಟೆ ಆರತಕ್ಷತೆಯೇ ನಿಂತುಹೋಗಿತ್ತು.)

ಹಣೆಯಲ್ಲಿ ಅಂಗಾರ ಅಕ್ಷತೆ, ತೋಳಿನಲ್ಲಿ ಮುದ್ರೆ, ಕಿವಿಯಲ್ಲಿ ಇಂಗ್ಲಿಷ್ ರಾಕ್. ಇದು ಪಂಢರಿನಾಥರ ಮೂರ್ತಿಸ್ವರೂಪ. ಬರ್ಮಾ ಬಜಾರಿನಲ್ಲಿ ಹೆಕ್ಕಿ ತಂದ ಮುನ್ನೂರು ಚಿಲ್ಲರೆ ಕ್ಯಾಸೆಟ್ಟುಗಳು ಟ್ರಂಕಿನಲ್ಲಿ ಸಾಲಿಗ್ರಾಮದ ಪೆಟ್ಟಿಗೆಗಿಂತ ಭದ್ರವಾಗಿದ್ದವು. ಪತ್ತೆ ಮಾಡಿದ ಕಳ್ಳತನಗಳನ್ನೆಲ್ಲ ಬರೆದಿಡಲು ಒಂದು ಉದ್ದನೆಯ ನೋಟುಪುಸ್ತಕವಿತ್ತು. ಇಷ್ಟಾಗಿ, ಇವರು ಕೆಲಸ ಮಾಡುತ್ತಿದ್ದ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇವರು ಒಂದೇ ಒಂದು ಸ್ವಂತ ವಾಕ್ಯ ಬರೆದದ್ದಿಲ್ಲ. ಯಾವ ಕಾಗದ ಬಂದರೂ ಹಳೇ ಫೈಲು ತೆಗೆಯುವುದು, ಹೋದ ಸಲ ಏನು ಉತ್ತರ ಹೋಗಿತ್ತೋ ಅದನ್ನೇ ತಾರೀಖು ತಿದ್ದಿ ಕಳಿಸುವುದು. ಅಲ್ಲಿ ಇದಕ್ಕೆ ‘ಪೂರ್ವ ನಿದರ್ಶನ’ ಎಂಬ ಗೌರವದ ಹೆಸರಿತ್ತು. ಕಳ್ಳತನ ಎಂದು ಯಾರೂ ಕರೆಯುತ್ತಿರಲಿಲ್ಲ.

"ರಾಗ ಅಂದ್ರೆ ನಮ್ಮಮ್ಮನ ಮಡಿ ಸೀರೆ ಇದ್ದ ಹಾಗೆ," ಎಂಬುದು ಅವರ ಸಿದ್ಧಾಂತ. "ಇನ್ನೊಬ್ಬ ಮುಟ್ಟಿದ್ನೋ, ಮೈಲಿಗೆ. ಮುಗೀತು!"

ಇಷ್ಟು ಧೈರ್ಯವಾಗಿ ಹೇಳಲು ಅವರಿಗೆ ಒಂದು ಆಧಾರವಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ಅವರು ಅಪ್ಪಟ ಸ್ವಂತದ್ದನ್ನು ಸೃಷ್ಟಿಸಿದ್ದರು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ತಿರುವಲ್ಲಿಕೇಣಿಯ ಛತ್ರದಲ್ಲಿ ಅವರ ಮದುವೆ. ಉರುಟಣೆಯ ಹೊತ್ತಿಗೆ ಹೆಂಗಸರೆಲ್ಲ ಸುತ್ತ ಕೂತು, "ಗಂಡು ಹಾಡಬೇಕು, ಗಂಡು ಹಾಡಬೇಕು" ಎಂದು ಹಟ ಹಿಡಿದರು. ಬೇರೆ ಮದುಮಕ್ಕಳಾಗಿದ್ದರೆ ಒಂದು ದೇವರನಾಮ ಗೊಣಗಿ ಪಾರಾಗುತ್ತಿದ್ದರು. ಪಂಢರಿನಾಥರು ಬಾಸಿಂಗ ಸರಿಮಾಡಿಕೊಂಡು, ಹೆಣ್ಣು ನೋಡಲು ಹೋದ ದಿನದ ನೆನಪಿನಲ್ಲಿ ತಾವೇ ಕಟ್ಟಿದ ಹಾಡನ್ನು ತಾವೇ ಹಾಕಿದ ರಾಗದಲ್ಲಿ ಹಾಡಿದರು:

ಸೀತೆಯು ಬಂದಳು ಸಜ್ಜಿಗೆ ತಂದಳು
ಸಕ್ಕರೆ ಹಾಕಲು ಮರೆತೇ ಹೋದಳು

ಛತ್ರ ಬಿದ್ದು ಬಿದ್ದು ನಕ್ಕಿತು. ಹೆಣ್ಣಿನ ಸೋದರತ್ತೆಯರಂತೂ ಒಬ್ಬರ ಹೆಗಲ ಮೇಲೊಬ್ಬರು ಒರಗಿ ಕಣ್ಣೀರು ಒರೆಸಿಕೊಂಡರು. ಇಂಥ ಯಶಸ್ಸು ಯಾವ ಸಂಗೀತ ಕಛೇರಿಯಲ್ಲೂ ಯಾವ ವಿದ್ವಾಂಸರಿಗೂ ಸಿಕ್ಕಿರಲಿಲ್ಲ ಎಂದು ಪಂಢರಿನಾಥರು ಅಂದೇ ತೀರ್ಮಾನಿಸಿದರು. "ರಾಗ ಹೇಗೆ ಹೊಳೀತು?" ಎಂದು ಯಾರಾದರೂ ಕೇಳಿದರೆ (ಯಾರೂ ಕೇಳದಿದ್ದರೂ), "ಮೌಂಟ್ ರೋಡಿನ ಬಸ್ ಸ್ಟಾಪಲ್ಲಿ ನಿಂತಿದ್ದೆ, ತಾನಾಗೇ ಆಕಾಶದಿಂದ ಬಂತು" ಎನ್ನುತ್ತಿದ್ದರು.

ಅಂದಿನಿಂದ ಆ ಹಾಡು ಅವರ ಸಂಸಾರದ ಇಡುಗಂಟು. ತರಕಾರಿ ಮರೆತು ಬಂದಾಗ, ಭಾವಮೈದುನನ ಗೃಹಪ್ರವೇಶದಲ್ಲಿ "ಕದ್ದದ್ದು" ಎಂದಾಗ, ಹೆಂಡತಿ ಸೀತಾಳ ಮುಖ ಕೆಂಪಗಾದೊಡನೆ ಇವರು ಕಣ್ಣು ಮುಚ್ಚಿ, ಹುಬ್ಬು ಹಾರಿಸಿ, ಕತ್ತನ್ನು ಆಮೆಯಂತೆ ಮುಂದಕ್ಕೆ ಚಾಚಿ "ಸೀತೆಯು ಬಂದಳು" ಎಂದು ಶುರುಮಾಡುತ್ತಿದ್ದರು. ಸೀತಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಕ್ಕೆ ಓಡುತ್ತಿದ್ದಳು. ಇಪ್ಪತ್ತನಾಲ್ಕು ವರ್ಷವಾದರೂ ನಾಚಿಕೆ ಹೋಗಿಲ್ಲವಲ್ಲ ಎಂದು ಪಂಢರಿನಾಥರು ಒಳಗೊಳಗೇ ಹಿಗ್ಗುತ್ತಿದ್ದರು. ಆ ಹಾಡೊಂದಿಲ್ಲದಿದ್ದರೆ ಹೆಂಡತಿಯ ಮುಂದೆ ತಾನೊಬ್ಬ ಹಳೇ ಫೈಲು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಂಥ ಮನೆಯಲ್ಲಿ ಮಗಳು ಅಕ್ಷಯಾ ಗಿಟಾರು ಹಿಡಿದಳು. ಕಾಲೇಜಿನ ತೇಜಸ್ ಡ್ರಮ್ಮು, ಮೌನ ಎಂಬ ಹುಡುಗಿ ಬೇಸ್ ಗಿಟಾರು. (ಹೆಸರೊಂದೇ ಮೌನ.) ಮೂವರೂ ತಾರಸಿಯ ಮೇಲೆ, ಅಜ್ಜಿ ಜಾನಕಮ್ಮನವರು ಮಡಿ ಸೀರೆ ಹರವುವ ಬಿದಿರು ಕೋಲಿನ ಕೆಳಗೆ, ನೀರಿನ ಲಾರಿ ಬಂದುಹೋದ ಮೇಲೆ ಅಭ್ಯಾಸ ಮಾಡುತ್ತಿದ್ದರು. ಅಪ್ಪನ ಸಿದ್ಧಾಂತವನ್ನು ಅಣಕಿಸಲೆಂದೇ ಅಕ್ಷಯಾ ತಂಡಕ್ಕೆ ‘ಮಡಿ’ ಎಂದು ಹೆಸರಿಟ್ಟಳು. ಜಾನಕಮ್ಮನವರಿಗೆ ಇದರಿಂದ ಪರಮ ಸಂತೋಷವಾಗಿ, "ಕೋಲಿಗೆ ತಲೆ ತಾಗಿಸದೆ ಎಷ್ಟು ಬೇಕಾದ್ರೂ ಬಡ್ಕೊಳ್ಳಿ" ಎಂದು ಅಪ್ಪಣೆ ಕೊಟ್ಟರು.

ಹಿಂದಿನ ವರ್ಷ ತಾಂಬರಂ ಆಚೆಯ ಒಂದು ಕಾಲೇಜಿನಲ್ಲಿ ಸ್ವಂತ ರಚನೆಯ ರಾಕ್ ಸ್ಪರ್ಧೆ ನಡೆದಿತ್ತು. ಗೆದ್ದವರಿಗೆ ವಡಪಳನಿಯ ಸ್ಟುಡಿಯೋದಲ್ಲಿ ಒಂದು ದಿನ ರೆಕಾರ್ಡಿಂಗ್. ನಕಲು ಎಂದು ಗೊತ್ತಾದರೆ ತಂಡ ಹೊರಕ್ಕೆ. ಮಗಳ ಹಾಡು ಅರ್ಧ ನಿಮಿಷ ನಡೆದಿತ್ತೋ ಇಲ್ಲವೋ, ಏಳನೆಯ ಸಾಲಿನಿಂದ ಒಬ್ಬರು ಎದ್ದು ನಿಂತು "ಕದ್ದದ್ದು! ಎಪ್ಪತ್ತೆರಡನೇ ಇಸವಿ, ಎರಡನೇ ಸೈಡು, ಮೂರನೇ ಹಾಡು!" ಎಂದು ಕೂಗಿದರು. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ. ಅಕ್ಷಯಾ ಆಮೇಲೆ ಎರಡು ತಿಂಗಳು ಅಪ್ಪನ ಜೊತೆ ಅಜ್ಜಿಯ ಮೂಲಕವೇ ಮಾತಾಡಿದಳು.

ಈ ವರ್ಷ, ಎರಡು ಸಾವಿರದ ಮೂರರಲ್ಲಿ, ಅವಳು ಮೊದಲೇ ಜಾಣಳಾದಳು. ಒಂದೊಂದು ರಾಗ ಹುಟ್ಟಿದಂತೆಲ್ಲ ಅಪ್ಪನ ಮುಂದೆ ತಂದು ನುಡಿಸಿದಳು.

"ಅಪ್ಪಾ, ಇದು ಯಾರ್ದೂ ಇಲ್ಲ. ಸತ್ಯಮಾ, ದೇವರಾಣೆ!"

"ಇದು ಊದುಬತ್ತಿ ಜಾಹೀರಾತು."

"ಸರಿ. ಇದು?"

"ತಾಂಬರಂ ಸ್ಟೇಷನ್ನಲ್ಲಿ ಗಾಡಿ ಲೇಟು ಅನ್ನೋಕೆ ಮುಂಚೆ ಬರತ್ತಲ್ಲ, ಆ ಟಿಂಗ್‌ಟಾಂಗು."

"ಇದು ಹೊಸಾದಪ್ಪಾ, ನಿನ್ನೆ ರಾತ್ರಿ ಕನಸಲ್ಲಿ ಬಂತು!"

"ಕನಸಲ್ಲಲ್ಲ ಮಗು, ಕಿಟಕಿಯಲ್ಲಿ ಬಂತು. ಎದುರುಮನೆ ಅಂದಾನಿ ಅವರ ಕಾರು ರಿವರ್ಸ್ ತೆಗೆಯೋವಾಗ ಹಾಡೋದು ಇದನ್ನೇ."

"ಪೋಂಗಪ್ಪಾ, ಹೋಗಪ್ಪಾ!" ಎಂದು ಅಕ್ಷಯಾ ಗಿಟಾರನ್ನು ದಿವಾನದ ಮೇಲೆ ಎಸೆದಳು. "ಇರೋದು ಏಳೇ ಸ್ವರ. ಎಂಟನೇದನ್ನ ನಾನು ಕೋಯಂಬೇಡು ಮಾರ್ಕೆಟ್ಟಿಂದ ತರ್ಲಾ?"

ಮೂರು ದಿನ ತಾರಸಿ ನಿಶ್ಶಬ್ದವಾಗಿತ್ತು. ನಾಲ್ಕನೆಯ ದಿನ ಸಂಜೆ ಮೇಲಿನಿಂದ ಹೊಸ ಸದ್ದೊಂದು ಇಳಿದುಬಂತು. ಗರಗರ ಎನ್ನುವ ಗಿಟಾರು, ಧಬಧಬ ಡ್ರಮ್ಮು. ಅಡುಗೆಮನೆಯಲ್ಲಿ ತಟ್ಟೆ ಲೋಟಗಳೂ ದನಿಗೂಡಿಸಿದವು. ಕಾಫಿ ಹೀರುತ್ತಿದ್ದ ಪಂಢರಿನಾಥರ ಕಿವಿ ನೆಟ್ಟಗಾಯಿತು. ಎಲ್ಲೋ ಕೇಳಿದ್ದೇನೆ! ಆದರೆ ಎಲ್ಲಿ? ಐದು ದಿನ ಟ್ರಂಕು ತಡಕಾಡಿದರು, ಕ್ಯಾಸೆಟ್ಟಿನ ಸುರುಳಿಗಳನ್ನು ಪೆನ್ಸಿಲಿನಲ್ಲಿ ಸುತ್ತಿದರು, ಊಟದಲ್ಲಿ ಸಾರಿಗೆ ಮೊಸರು ಕಲಸಿಕೊಂಡರು. ಸಿಕ್ಕಲಿಲ್ಲ.

ಕೊನೆಗೆ ಹೂಬತ್ತಿ ಹೊಸೆಯುತ್ತಿದ್ದ ಜಾನಕಮ್ಮನವರೇ ಹೇಳಿದರು. "ಏನೋ ಪಂಢರೀ, ಅದು ನಿನ್ನ ಸಜ್ಜಿಗೆ ಹಾಡಲ್ವೇನೋ?"

ಪಂಢರಿನಾಥರು ಹಾಗೇ ಗೋಡೆಗೆ ಒರಗಿದರು. ಹೌದು! ಸೀತೆಯು ಬಂದಳು! ತೊಟ್ಟಿಲಲ್ಲಿ ತೂಗುತ್ತ ಮಗಳಿಗೆ ಹಾಡಿದ್ದ ಹಾಡು ಈಗ ಕೂದಲು ಬಿಚ್ಚಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ತಾರಸಿಯಿಂದ ಇಳಿದುಬಂದಿತ್ತು. ಮೆಟ್ಟಿಲು ಹತ್ತಿ ಓಡಿದರು. "ಮಗೂ, ಇದು ಮಡಿ! ಅಪ್ಪಟ ಮಡಿ! ಯಾರೂ ಮುಟ್ಟಿಲ್ಲ!"

ಸ್ಪರ್ಧೆಯ ಅರ್ಜಿಯಲ್ಲಿ ‘ರಾಗ ಸಂಯೋಜನೆ: ಪಂಢರಿನಾಥ, 1979’ ಎಂದು ತಾವೇ ಬರೆದರು. ಜೊತೆಗೆ, ಈ ರಾಗಕ್ಕೆ ಯಾವುದೇ ಪೂರ್ವ ನಿದರ್ಶನ ಇರುವುದಿಲ್ಲವೆಂದು ಒಂದು ಪ್ರಮಾಣಪತ್ರವನ್ನೂ ಟೈಪು ಮಾಡಿಸಿ ಲಗತ್ತಿಸಿದರು. (ಪ್ರಮಾಣಪತ್ರದ ಒಕ್ಕಣೆ ಮಾತ್ರ ಕಚೇರಿಯ ಹಳೇ ಫೈಲಿನದು.)

ಸೀತಾ ಅದನ್ನು ಓದಿ ಅತ್ತೆಯ ಮುಖ ನೋಡಿದಳು. ಅತ್ತೆ ಹೂಬತ್ತಿ ನೋಡಿದರು.

"ರೀ, ಇಷ್ಟೆಲ್ಲ ಬರೆದು ಕೊಡೋದು ಬೇಡ ಅಂತ ನನಗನಿಸತ್ತೆ. ಸುಮ್ನೆ ‘ಮನೆ ಹಾಡು’ ಅಂತ ಹಾಕಿ."

"ಯಾಕೆ? ಲೋಕಕ್ಕೆಲ್ಲ ಗೊತ್ತಾದ್ರೆ ನಿನ್ನ ಹಾಡು ಹಂಚಿಹೋಗತ್ತೆ ಅಂತ ಹೊಟ್ಟೆಕಿಚ್ಚಾ?"

ಸೀತಾ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಹೋದಳು.

ಸ್ಪರ್ಧೆಯ ದಿನ ಇಡೀ ಮನೆ ಮಾಂಬಳದಲ್ಲಿ ಎಲೆಕ್ಟ್ರಿಕ್ ಟ್ರೇನು ಹತ್ತಿತು. ಪಂಢರಿನಾಥರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಜಾನಕಮ್ಮನವರು ಹೊರಗಿನ ನೀರು ಮುಟ್ಟದವರಾದ್ದರಿಂದ ತಮ್ಮ ತಾಮ್ರದ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸುತ್ತಲಿನ ಪ್ರಯಾಣಿಕರನ್ನು ಒಂದು ಮೊಳ ದೂರ ನಿಲ್ಲಿಸಿದ್ದರು.

‘ಮಡಿ’ ತಂಡ ವೇದಿಕೆ ಏರಿತು. ತೇಜಸ್ ಕೋಲು ಎತ್ತಿದ, ಮೌನ ತನ್ನ ಹೆಸರನ್ನು ಸುಳ್ಳುಮಾಡಿದಳು, ಅಕ್ಷಯಾ ಕೂದಲು ಬಿಚ್ಚಿ "ಸೀತೆಯು ಬಂದಳೂ" ಎಂದು ಆರ್ಭಟಿಸಿದಳು. ಕನ್ನಡ ಬಾರದ ಆರುನೂರು ಹುಡುಗ ಹುಡುಗಿಯರು ಎದ್ದು ನಿಂತು "ಸಜ್ಜಿಗೇ! ಸಜ್ಜಿಗೇ!" ಎಂದು ಕುಣಿದರು. ಪಂಢರಿನಾಥರ ಕನ್ನಡಕ ಮಂಜಾಯಿತು. ಪಕ್ಕದಲ್ಲಿ ಕೂತವನನ್ನು ತಿವಿದು, "ನಂದೇ ರಾಗ, ತಂಬೀ. ಎನ್ನೋಡದು!" ಎಂದರು.

ಹಾಡು ಮುಗಿದಾಗ ತೀರ್ಪುಗಾರರು ಮೈಕು ಹಿಡಿದರು. ಗಂಗಾಧರ್ ಎಂದು ಅವರ ಹೆಸರು. ಅರವತ್ತರ ಹತ್ತಿರದ ಮನುಷ್ಯ, ನರೆತ ಜುಟ್ಟು, ಒಂದು ಕಿವಿಗೆ ಓಲೆ. ಹಿಂದೆ ಹೋಟೆಲುಗಳಲ್ಲಿ ಗಿಟಾರು ನುಡಿಸುತ್ತಿದ್ದವರಂತೆ.

"ಈ ರಾಗ ಯಾರದಮ್ಮಾ?" ಎಂದು ಅವರು ತಮಿಳಿನಲ್ಲಿ ಕೇಳಿದರು.

ಅಕ್ಷಯಾ ಬಾಯಿ ತೆರೆಯುವ ಮೊದಲೇ ಏಳನೆಯ ಸಾಲಿನಿಂದ ಒಬ್ಬರು ಎದ್ದಿದ್ದರು. "ನಂದು ಸಾರ್! ಸ್ವಂತ ರಚನೆ! ಎಪ್ಪತ್ತೊಂಬತ್ತು! ಪ್ರಮಾಣಪತ್ರ ಲಗತ್ತಿಸಿದೆ!"

"ಹಾಗಾ?" ಎಂದರು ಗಂಗಾಧರ್. "ಎಲ್ಲಿ ಹೊಳೀತು ಸಾರ್?"

"ಮೌಂಟ್ ರೋಡಿನ ಬಸ್ ಸ್ಟಾಪಲ್ಲಿ. ತಾನಾಗೇ ಆಕಾಶದಿಂದ ಬಂತು!"

"ಆಕಾಶದಿಂದಲ್ಲ ಸಾರ್, ಮೊದಲನೇ ಮಹಡಿಯಿಂದ. ಆ ಬಸ್ ಸ್ಟಾಪಿನ ಮೇಲಿನ ಹೋಟೆಲಲ್ಲಿ ದಿನಾ ಸಂಜೆ ಆರಕ್ಕೆ ನಾನು ಗಿಟಾರು ನುಡಿಸ್ತಿದ್ದೆ. ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎರಡೂ ವರ್ಷ. ಶುರು ಮಾಡ್ತಿದ್ದದ್ದೇ ಈ ರಾಗದಿಂದ. ಇದು ನನ್ನದು."

ಸಭೆ "ಓ" ಎಂದಿತು. ಯಾರೋ ಹಿಂದಿನಿಂದ ಸಿಳ್ಳೆ ಹಾಕಿದರು. ಪಂಢರಿನಾಥರಿಗೆ ಕಾಲಡಿಯ ನೆಲ ಎಣ್ಣೂರಿನ ಸಮುದ್ರದ ಕಡೆಗೆ ಸರಿದ ಹಾಗಾಯಿತು. ಆರು ಗಂಟೆಯ ಬಸ್ಸು, ತಲೆಯ ಮೇಲಿದ್ದ ಬಣ್ಣದ ಗಾಜಿನ ಕಿಟಕಿ, ಅದರೊಳಗಿಂದ ಬರುತ್ತಿದ್ದ ಹುರಿದ ಗೋಡಂಬಿಯ ವಾಸನೆ, ಎಲ್ಲ ಈಗ ಒಂದೊಂದಾಗಿ ನೆನಪಿಗೆ ಬಂದವು. ವೇದಿಕೆಯ ಮೇಲೆ ಮಗಳು ಅಳುವ ಮುಖ ಮಾಡಿ ನಿಂತಿದ್ದಳು. ಅದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಸೀತಾ ಇದ್ದಳು. ಅವಳ ಕಡೆ ತಿರುಗಿ ನೋಡಲು ಅವರಿಗೆ ಧೈರ್ಯವಾಗಲಿಲ್ಲ. ಇಪ್ಪತ್ತನಾಲ್ಕು ವರ್ಷದ ಇಡುಗಂಟು ಆರುನೂರು ಜನರ ಮುಂದೆ ಕರಗಿಹೋಗಿತ್ತು.

ಆಗ ಜಾನಕಮ್ಮನವರು ತಂಬಿಗೆ ಹಿಡಿದು ಎದ್ದರು.

"ಏಂಪ್ಪಾ ತಂಬೀ," ಎಂದು ತಮಿಳಿನಲ್ಲಿ ದಬಾಯಿಸಿದರು, "ಆಗ ನಿನ್ನ ಮನೆ ಎಲ್ಲಿತ್ತು?"

"ತಿರುವಲ್ಲಿಕೇಣಿ, ಪಾಟ್ಟಿ. ಕನ್ನಡದವರ ಮದುವೆ ಛತ್ರ ಇದೆಯಲ್ಲ, ಅದರ ಹಿಂದುಗಡೆ ರೂಮು," ಎಂದರು ಗಂಗಾಧರ್ ಅಜ್ಜಿಗೆ.

"ಅದಕ್ಕೇ!" ಎಂದು ಜಾನಕಮ್ಮನವರು, ಎಪ್ಪತ್ತೆಂಟು ವರ್ಷದ ಗಂಟಲನ್ನು ತಂಬಿಗೆಯ ನೀರಿನಿಂದ ಒದ್ದೆ ಮಾಡಿಕೊಂಡು, ಮೈಕೂ ಇಲ್ಲದೆ ಹಾಡಿದರು:

ಬೀಗರು ಬಂದರು ಬೆಪ್ಪನ ತಂದರು
ಹಸೆಮಣೆ ಮೇಲೆ ಕೂರಿಸಿ ಹೋದರು

ಅದೇ ರಾಗ. ಒಂದು ಸ್ವರ ಆಚೆ ಇಲ್ಲ, ಈಚೆ ಇಲ್ಲ. ಗಂಗಾಧರ್ ಮೈಕು ಕೆಳಗಿಟ್ಟು, ಎರಡು ಕೈಯಿಂದಲೂ ತಲೆ ಹಿಡಿದುಕೊಂಡು ನಗಲು ಶುರುಮಾಡಿದರು. "ಪಾಟ್ಟೀ, ಇದೇ! ಮುಹೂರ್ತದ ದಿನಗಳಲ್ಲಿ ಮಧ್ಯಾಹ್ನದ ನಿದ್ದೆ ಹಾಳಾಗ್ತಿದ್ದದ್ದು ಇದರಿಂದಲೇ! ನನಗೇ ಗೊತ್ತಿಲ್ಲದೆ ಕೈಗೆ ಇಳಿದುಬಿಟ್ಟಿದೆ!"

"ಬೀಗರ ಹಾಡು ಕಣಪ್ಪಾ. ಗಂಡಿನ ಕಡೆಯವರನ್ನ ಹಾಸ್ಯ ಮಾಡೋಕೆ ಹೆಣ್ಣಿನ ಕಡೆ ಹೆಂಗಸರು ಹಾಡೋದು."

"ಹಾಗಾದ್ರೆ ರಾಗ ನಿಮ್ಮದು ಪಾಟ್ಟೀ. ಈ ಮಕ್ಕಳು ಹಾಡಿದ್ದಕ್ಕೆ ನಿಮ್ಮ ಆಕ್ಷೇಪಣೆ ಇದೆಯಾ?"

"ನಂದ್ಯಾಕಾಗತ್ತೆ? ನಮ್ಮತ್ತೆ ಹಾಡ್ತಿದ್ರು, ಅವರಿಗೆ ಅವರಮ್ಮ ಹೇಳಿಕೊಟ್ರು. ಮಡಿ ಬಟ್ಟೇನ ಯಾರೋ ನೇಯ್ತಾನೆ, ಯಾರೋ ಮಾರ್ತಾನೆ. ಮನೆಗೆ ತಂದು ನೀರಲ್ಲಿ ಜಾಲಿಸಿ ಹಿಂಡಿ ಹರವಿದ್ರೆ ಅದು ನಮ್ಮ ಮಡಿ. ನನ್ನ ಮೊಮ್ಮಗಳು ಚೆನ್ನಾಗೇ ಜಾಲಿಸಿದಾಳೆ. ಸ್ವಲ್ಪ ಜಾಸ್ತಿನೇ ಒಗೆದಿದಾಳೆ, ಅಷ್ಟೇ."

ಚಪ್ಪಾಳೆಗೆ ಚಾವಣಿ ಹಾರಿಹೋಗುವುದೊಂದು ಬಾಕಿ. ಆದರೂ ‘ಮಡಿ’ಗೆ ಸಿಕ್ಕಿದ್ದು ಎರಡನೆಯ ಬಹುಮಾನ. ನಕಲಲ್ಲದಿದ್ದರೂ ಪೂರ್ತಿ ಸ್ವಂತದ್ದೂ ಅಲ್ಲ, ನಿಯಮ ನಿಯಮವೇ ಎಂದು ಗಂಗಾಧರ್ ಕೈಮುಗಿದರು, ಆದರೆ ತಮ್ಮ ಖರ್ಚಿನಲ್ಲೇ ಸ್ಟುಡಿಯೋಗೆ ಕರೆದೊಯ್ಯುವುದಾಗಿ ಅಜ್ಜಿಗೆ ಮಾತು ಕೊಟ್ಟರು. ಅಜ್ಜಿಯೂ ಬಂದು ಹಾಡಬೇಕೆಂಬುದು ಅವರ ಷರತ್ತು. ಮೊದಲನೆಯ ಬಹುಮಾನ ಇವರ ನಂತರ ಹಾಡಿದ ಬೇರೆ ಒಂದು ತಂಡದ ‘ಸ್ವಂತ’ ರಚನೆಗೆ ಹೋಯಿತು. ಆ ಹಾಡಿನ ಮೊದಲ ನಾಲ್ಕು ಸ್ವರ ಕಿವಿಗೆ ಬಿದ್ದೊಡನೆ ಪಂಢರಿನಾಥರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಅರವತ್ತೊಂಬತ್ತನೇ ಇಸವಿ, ಮೊದಲನೇ ಸೈಡು! ಸೀತಾ ಅಂಗಿಯ ತುದಿ ಹಿಡಿದು ಎಳೆದಳು. ಅವರು ಬಾಯಿ ಮುಚ್ಚಿಕೊಂಡು ಕೂತರು. ಜನ್ಮದಲ್ಲಿ ಅದೇ ಮೊದಲು.

ಹಿಂತಿರುಗುವ ಗಾಡಿಯಲ್ಲಿ ಕಿಟಕಿ ಪಕ್ಕ ಕೂತ ಪಂಢರಿನಾಥರು ಪಲ್ಲಾವರಂ ದಾಟುವವರೆಗೂ ಹೊರಗೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು.

"ಅಮ್ಮಾ, ನಿನಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಹೆಣ್ಣಿನ ಕಡೆಯವರು ನಿನ್ನ ಹಾಸ್ಯ ಮಾಡೋಕೆ ಎಲೆಅಡಿಕೆ ಹಾಕ್ಕೊಂಡು ಸಜ್ಜಾಗಿ ಕೂತಿದ್ರು. ಅವರು ಬಾಯಿ ತೆಗೆಯೋ ಮುಂಚೆ ಅದೇ ಧಾಟಿಯಲ್ಲಿ ನೀನೇ ಶುರು ಮಾಡ್ದೆ. ಹಸೆ ಮೇಲೆ ಕೂತವನನ್ನ ಬೈಯೋಕಾಗತ್ತಾ?"

ಅವರು ಹೆಂಡತಿಯ ಕಡೆ ತಿರುಗಿದರು. "ನಿನಗೂ...?"

"ನಮ್ಮ ಸೋದರತ್ತೆಯರು ಅಷ್ಟೊಂದು ನಕ್ಕಿದ್ದು ಯಾಕೆ ಅಂದ್ಕೊಂಡಿದ್ರಿ? ಸಜ್ಜಿಗೆಗಾ?"

"ಮತ್ತೆ ಇಪ್ಪತ್ತನಾಲ್ಕು ವರ್ಷ ಯಾಕೆ ಹೇಳ್ಲಿಲ್ಲ, ಸೀತಾ?"

"ಪಾಪ, ಒಂದಾದ್ರೂ ಸ್ವಂತದ್ದು ಇದೆ ಅಂತ ಎಷ್ಟು ಖುಷಿಯಾಗಿದ್ರಿ. ಹೇಗೆ ಹೇಳ್ಲಿ?"

ಪಂಢರಿನಾಥರಿಗೆ ಕಣ್ಣು ತುಂಬಿತು. ಇಂಥ ಹೆಂಡತಿಯನ್ನು ತಾನು ಯಾವ ಹಾಡಿನಿಂದಲೂ ಗೆದ್ದದ್ದಲ್ಲ, ಅವಳೇ ಒಪ್ಪಿ ಸೋತದ್ದು ಎಂದು ಅರ್ಥವಾಗಲು ಅವರಿಗೆ ಪಲ್ಲಾವರಂ ಆಚೆಗೆ ಬರಬೇಕಾಯಿತು. ಆದರೂ ಹುಟ್ಟುಗುಣ ಬಿಡುತ್ತದೆಯೇ?

"ಮಾತಾದ್ರೂ ನಂದೇ ತಾನೇ? ಸೀತೆಯು ಬಂದಳು, ಸಜ್ಜಿಗೆ ತಂದಳು?"

"ಮಾತು ನಿಮ್ಮದೇ ಬಿಡಿ. ಅದನ್ನ ಯಾರು ಕದೀತಾರೆ?" ಎಂದಳು ಸೀತಾ. ಆಮೇಲೆ ಗಂಡನ ಮುಖ ನೋಡಿ ಕರಗಿದಳು. "ಅಲ್ಲಾ ರೀ, ನಾನು ನಗ್ತಿದ್ದದ್ದು ಹಾಡಿಗಲ್ಲ. ಹಾಡೋವಾಗ ಕಣ್ಣು ಮುಚ್ಚಿ, ಹುಬ್ಬು ಹಾರಿಸಿ, ಕತ್ತು ಮುಂದಕ್ಕೆ ಹಾಕ್ತೀರಲ್ಲ, ಆ ಮುಖಕ್ಕೆ. ಅಂಥ ಮುಖ ನಾನು ಲೋಕದಲ್ಲಿ ಎಲ್ಲೂ ನೋಡಿಲ್ಲ. ಅದು ಮಾತ್ರ ಅಪ್ಪಟ ನಿಮ್ಮದು."

ಪಂಢರಿನಾಥರ ಬೆನ್ನು ನೆಟ್ಟಗಾಯಿತು. ಮುಖವಾದರೂ ಉಳಿಯಿತಲ್ಲ! ಸೈದಾಪೇಟೆ ಬಂದಿತ್ತು. ಅವರು ಕಣ್ಣು ಮುಚ್ಚಿದರು, ಹುಬ್ಬು ಹಾರಿಸಿದರು, ಕತ್ತು ಮುಂದಕ್ಕೆ ಚಾಚಿದರು.

"ಅದೂ ಇವನದಲ್ಲ ಕಣೇ ಸೀತಾ," ಎಂದರು ಜಾನಕಮ್ಮನವರು, ತಂಬಿಗೆಯನ್ನು ಸೆರಗಿನಿಂದ ಒರೆಸುತ್ತ. "ಇವರಪ್ಪ ಸಂಧ್ಯಾವಂದನೆಗೆ ಕೂತಾಗ ಥೇಟ್ ಇದೇ ಮುಖ ಮಾಡ್ತಿದ್ರು. ಕದ್ದದ್ದು!"

ಅಕ್ಷಯಾ ಅಪ್ಪನ ಚೀಲದಿಂದ ಕಳ್ಳತನಗಳ ಆ ಉದ್ದನೆಯ ನೋಟುಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದಳು.